ಕೀ ಕೊಟ್ಟು ಕೈ ತೊಳ್ಕೊಂಡ್ರೆ ಆಯ್ತಾ?

ನಮ್ಮ ಕುಟುಂಬದಲ್ಲೇ ಈಗ ನಾಲ್ಕು ಹೈಬ್ರಿಡ್ ಕಾರು ಆಗಿದೆ. ನಾಲ್ಕರಲ್ಲಿ ಮೂರನ್ನು ದಿನಾ ಓಡಿಸುವುದು ಹೆಂಗಸರು. ಮಕ್ಕಳನ್ನ ಮಡಿಕೇರಿಗೆ ಶಾಲೆಗೆ ಬಿಡುವುದು, ಅತ್ತೆಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗುವುದು, ಕುಶಾಲನಗರದಿಂದ ತಿಂಗಳ ಸಾಮಾನು ತರುವುದು, ಮದುವೆ ಸೀಸನ್ನಲ್ಲಿ ಹಿಂದಿನ ಸೀಟು ತುಂಬ ಚಿಕ್ಕಮ್ಮ ದೊಡ್ಡಮ್ಮಂದಿರನ್ನ ಹೇರಿಕೊಂಡು ಹೋಗುವುದು, ಎಲ್ಲ ನಾವೇ. ಸಂಪಾಜೆ ಘಾಟಿಯಲ್ಲಿ ಮಗು ವಾಂತಿ ಮಾಡಿದ್ರೆ ಒರೆಸುವುದೂ ನಾವೇ. ಆದರೆ ವಾಟರ್ ಸರ್ವಿಸ್ ಅನ್ನುವ ಮಾತು ಬಂದ ಕೂಡಲೇ ಗಾಡಿ ಗಂಡಸರ ಇಲಾಖೆಗೆ ಹೋಗಿಬಿಡ್ತದೆ. "ನಿಂಗೆ ಅದೆಲ್ಲ ಗೊತ್ತಾದುಲೆ, ಕೀ ಕೊಡ್" ಅಂತ ಕೈ ಚಾಚ್ತಾರೆ. ನಾವೂ ಕೊಡ್ತೇವೆ. ಅವರು ಅದನ್ನ ತಗೊಂಡು ಹೋಗಿ ಸರ್ವಿಸ್ ಸ್ಟೇಷನ್ನಿನ ಹುಡುಗನ ಕೈಗೆ ಹಾಕಿ, ಪಕ್ಕದ ಹೋಟ್ಲಲ್ಲಿ ಕಾಫಿ ಕುಡಿಯಲಿಕ್ಕೆ ಕೂತ್ಕೊಳ್ತಾರೆ. ಅಂದರೆ ಗೊತ್ತಿದೆ ಅಂತ ಹೇಳಿದವರೂ ಅಲ್ಲಿ ಇಲ್ಲ, ಗೊತ್ತಿಲ್ಲ ಅಂತ ಅನ್ನಿಸ್ಕೊಂಡವರೂ ಅಲ್ಲಿ ಇಲ್ಲ. ಇರುವವನು ಓಮ್ನಿ, ಜೀಪು, ಪಿಕಪ್ ತೊಳೆದು ಕೆಲಸ ಕಲಿತ ಒಬ್ಬ ಹುಡುಗ ಮಾತ್ರ.

ಈ ಪದ್ಧತಿ ನಿಲ್ಲಬೇಕು. ಯಾರು ಗಾಡಿ ಓಡಿಸ್ತಾರೋ ಅವರೇ ಗಾಡಿ ತೊಳೆಸಬೇಕು, ತೊಳೆದು ಮುಗಿಯುವ ತನಕ ಅಲ್ಲೇ ನಿಲ್ಲಬೇಕು. ಹೈಬ್ರಿಡ್ ಗಾಡಿಯ ಮಟ್ಟಿಗಂತೂ ನನ್ನದು ಇದೊಂದೇ ಹಠ. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ, ಕೂತ್ಕೊಂಡು ಓದಿ.

ಮೊದಲು ಒಂದು ಸುಳ್ಳನ್ನ ಹೊರಗೆ ಹಾಕುವ. "ಹೈಬ್ರಿಡ್ ಗಾಡಿಗೆ ನೀರ್ ತಾಗಿರೆ ಶಾಕ್ ಹೊಡ್ದೆ ಗಡ." ಈ 'ಗಡ' ಇದೆಯಲ್ಲ, ನಮ್ಮ ಭಾಷೆಯ ಅರ್ಧ ಸುಳ್ಳು ಅದರ ಬೆನ್ನ ಮೇಲೇ ಓಡಾಡುವುದು. ಯಾರು ಹೇಳಿದ್ದು ಅಂತ ಕೇಳಿದ್ರೆ ಯಾರೂ ಇಲ್ಲ. ಜೂನಿಂದ ಸೆಪ್ಟೆಂಬರ್ ತನಕ ಭಾಗಮಂಡಲದ ಮಳೆಯಲ್ಲಿ, ಚೆಟ್ಟಿಮಾನಿ ರಸ್ತೆಯ ಹೊಂಡದಲ್ಲಿ ಓಡುವ ಗಾಡಿಗೆ ಒಂದು ಬಕೆಟ್ ನೀರು ಹೊಸತಾ? ಗಾಡಿಯ ದೊಡ್ಡ ಬ್ಯಾಟರಿ, ಅದರಿಂದ ಮೋಟರಿಗೆ ಹೋಗುವ ವಯರು, ಇದೆಲ್ಲ ಮುಚ್ಚಿದ ವ್ಯವಸ್ಥೆ. ನಮ್ಮ ಮಾಮೂಲಿ ಹನ್ನೆರಡು ವೋಲ್ಟಿನ ಬ್ಯಾಟರಿಯ ಹಾಗೆ ಅದರ ಒಂದು ತುದಿಯನ್ನ ಬಾಡಿಗೆ ಕೊಟ್ಟಿರುವುದಿಲ್ಲ, ಬಾಡಿಯಿಂದ ಪೂರ್ತಿ ಬೇರೆ ಇಟ್ಟಿರ್ತಾರೆ. ಎಲ್ಲಿಯಾದ್ರೂ ಸೋರಿಕೆ ಕಂಡ್ರೆ ಎಚ್ಚರಿಕೆ ಕೊಡುವ ಏರ್ಪಾಡು ಅದರೊಳಗೇ ಉಂಟು. ದೊಡ್ಡ ವೋಲ್ಟೇಜಿನ ವಯರಿಗೆ ಕಿತ್ತಳೆ ಬಣ್ಣ ಹಾಕಿರುವುದು ಯಾರೂ ತಿಳಿಯದೆ ಮುಟ್ಟಬಾರದು ಅಂತ. ಬಾಗಿಲು, ಗಾಜು, ಚಕ್ರ, ಮಡ್‌ಗಾರ್ಡ್, ಇವಕ್ಕೆ ಎಷ್ಟು ನೀರು ಹಾಕಿದ್ರೂ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಮೇಲಿಂದ ಸುರಿಯುವ ನೀರು ಬೇರೆ, ಗಾಡಿ ಮುಳುಗುವ ನೀರು ಬೇರೆ. 2018ರ ಆಗಸ್ಟಿನಂಥ ನೆರೆ ಬಂದು ಸೀಟಿನ ತನಕ ನೀರಲ್ಲಿ ನಿಂತ ಹೈಬ್ರಿಡ್ ಗಾಡಿಯನ್ನ ಸ್ಟಾರ್ಟ್ ಮಾಡಿ ನೋಡುವ ಅಂತ ಮಾತ್ರ ಹೋಗಬೇಡಿ. ಅದನ್ನ ತಳ್ಳುವುದೂ ಬೇಡ, ಕಂಪನಿಯವರನ್ನೇ ಕರೆಸಿ.

ಈ ಸುಳ್ಳಿನಿಂದ ಆಗುವ ನಷ್ಟ ಎಂತ ಗೊತ್ತುಂಟಾ? ಹೆದರಬೇಡದ ಕಡೆ ಹೆದರಿ, ಹೆದರಬೇಕಾದ ಕಡೆ ಧೈರ್ಯ ಮಾಡ್ತೇವೆ. ಬಾಗಿಲಿಗೆ ನೀರು ಹಾಕ್ಲಿಕ್ಕೆ ಹಿಂಜರಿಯುವವರೇ ಗಾಡಿ 'ರೆಡಿ'ಯಲ್ಲಿ ಇರುವಾಗ ಮಗುವನ್ನ ಎದುರಿಗೆ ನಿಲ್ಲಿಸಿ ಬಂಪರ್ ಒರೆಸ್ಲಿಕ್ಕೆ ಹೇಳ್ತಾರೆ.

ಈ 'ರೆಡಿ' ಅನ್ನುವ ಪದವನ್ನ ನಮ್ಮ ಮನೆಗಳಲ್ಲಿ ಎಲ್ಲರೂ ಬಾಯಿಪಾಠ ಮಾಡಬೇಕು. ಹಳೆ ಕಾರಲ್ಲಿ ಕೀ ತಿರುಗಿಸಿದ್ರೆ ಗುರ್ ಅನ್ನುತ್ತಿತ್ತು. ಆನ್ ಆಗಿದೆ ಅಂತ ಕೊಟ್ಟಿಗೆಯ ದನಕ್ಕೂ ಗೊತ್ತಾಗ್ತಿತ್ತು. ಹೈಬ್ರಿಡ್ಡಲ್ಲಿ ಬ್ರೇಕ್ ತುಳಿದು ಬಟನ್ ಒತ್ತಿದ್ರೆ ಸದ್ದೇ ಇಲ್ಲ. ಮೀಟರಿನಲ್ಲಿ 'ರೆಡಿ' ಅಂತ ಒಂದು ಸಣ್ಣ ದೀಪ ಬರ್ತದೆ, ಅಷ್ಟೆ. ಆ ದೀಪ ಇದ್ದರೆ ಗಾಡಿ ಹೊರಡಲಿಕ್ಕೆ ತಯಾರು ಅಂತ ಅರ್ಥ. ಇಂಜಿನ್ ತಿರುಗದಿದ್ದರೂ ಸರಿ, ಗೇರ್ ಹಾಕಿ ಆಕ್ಸಿಲರೇಟರ್ ತುಳಿದ್ರೆ ಮೋಟರಿನ ಮೇಲೇ ಹೋಗ್ತದೆ. ಮತ್ತೆ ಬ್ಯಾಟರಿ ಸ್ವಲ್ಪ ಇಳಿದಾಗ, ಎಸಿಗೆ ಬೇಕಾದಾಗ, ಯಾರನ್ನೂ ಕೇಳದೆ ಇಂಜಿನ್ ತಾನೇ ಶುರುವಾಗ್ತದೆ. ನಮ್ಮ ಅಡುಗೆಮನೆಯ ಫ್ರಿಜ್ಜಿನ ಹಾಗೆ. ಫ್ರಿಜ್ಜು ಸುಮ್ಮನಿದೆ ಅಂದ್ರೆ ಆಫ್ ಆಗಿದೆ ಅಂತ ಅಲ್ಲವಲ್ಲ. ಬೇಕಾದಾಗ ತಾನಾಗಿ ಗುಂಯ್ ಅನ್ನಲಿಕ್ಕೆ ಶುರು ಮಾಡ್ತದೆ. ಆದರೆ ಫ್ರಿಜ್ಜಿಗೆ ಚಕ್ರ ಇಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ನನ್ನ ತಂಗಿ ಅವಳ ಗಾಡಿಯನ್ನ ಒಂದು ಕಡೆ ತೊಳೆಯಲಿಕ್ಕೆ ಬಿಟ್ಟಿದ್ದಳು. ಊರಿನ ಹೆಸರು, ಅಂಗಡಿಯ ಹೆಸರು ಬೇಡ, ಎಲ್ಲ ಕಡೆಯೂ ಅದೇ ಕಥೆ. ಒಬ್ಬ ಹುಡುಗ ಎದುರಿನ ಬಂಪರಿಗೆ ಸೋಪು ಹಚ್ತಾ ಕುಕ್ಕರುಗಾಲಲ್ಲಿ ಕೂತಿದ್ದ. ಗಾಡಿ ಆಫ್ ಅಂತ ಅವನ ಲೆಕ್ಕ. ಇನ್ನೊಬ್ಬ ಗಾಡಿಯನ್ನ ಒಂದು ಗೇಣು ಮುಂದೆ ತರುವ ಅಂತ ಒಳಗೆ ಕೂತು, ಸದ್ದು ಬರ್ಲಿಲ್ಲ ಅಂತ ಇನ್ನೂ ಸ್ವಲ್ಪ ತುಳಿದ. ಗಾಡಿ ಹಾವಿನ ಹಾಗೆ ಸದ್ದಿಲ್ಲದೆ ಮುಂದೆ ಬಂತು. ಕೂತಿದ್ದವನು ಪಕ್ಕಕ್ಕೆ ಉರುಳಿದ್ದರಿಂದ ಕಾಲಿನ ಬೆರಳು ಜಜ್ಜಿಹೋದದ್ದರಲ್ಲಿ ಮುಗೀತು. ಅವನಿಗೆ ಹದಿನೆಂಟೋ ಹತ್ತೊಂಬತ್ತೋ. ಅವನವ್ವ ಲೈನ್ ಮನೆಯಲ್ಲಿದ್ದು ತೋಟದ ಕೆಲಸಕ್ಕೆ ಹೋಗುವವಳು. ತಂಗಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಕಟ್ಟು ಹಾಕಿಸಿದಳು. ಅಂಗಡಿಯ ಮಾಲೀಕ ಹೇಳಿದ್ದೇನು? "ನಿಮ್ಮ ಗಾಡಿ ಸರಿ ಇಲ್ಲಮ್ಮ, ಸೌಂಡೇ ಬರುದಿಲ್ಲ." ಗಾಡಿ ಸರಿಯಾಗಿಯೇ ಇತ್ತು. ಸದ್ದು ಮಾಡದೇ ಇರುವುದೇ ಅದರ ಗುಣ, ಆ ಗುಣಕ್ಕೇ ನಾವು ಲಕ್ಷಗಟ್ಟಲೆ ಹೆಚ್ಚು ಕೊಟ್ಟದ್ದು. ಇಂಥ ಗಾಡಿಗಳು ಮೆಲ್ಲಗೆ ಹೋಗುವಾಗ ಕೇಳುವ ಹಾಗೆ ಸದ್ದು ಮಾಡಲೇಬೇಕು ಅಂತ ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಗಳಿಗೆ, 2021ರಿಂದ ಎಲ್ಲ ಹೊಸ ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಿಗೆ ಕಾನೂನು ಮಾಡಿದ್ದಾರೆ. ಸುಮ್ಮನೆ ಮಾಡಿದ್ದಲ್ಲ.

ಅದಕ್ಕೇ ನಾನು ಹೇಳುವುದು, ಗಾಡಿ ತೊಳೆಯುವ ಜಾಗದಲ್ಲಿ ನಿಲ್ಲಿಸಿದ ಮೇಲೆ ಗೇರು 'ಪಿ'ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಹಾಕಿ, ಬಟನ್ ಒತ್ತಿ, ರೆಡಿ ದೀಪ ಆರಿದ್ದನ್ನ ಕಣ್ಣಾರೆ ನೋಡಿ, ಆಮೇಲೆ ಇಳೀರಿ. ಕೀಯನ್ನ ಹುಡುಗನ ಜೇಬಿಗೆ ಹಾಕಬೇಡಿ, ನಿಮ್ಮ ವ್ಯಾನಿಟಿ ಬ್ಯಾಗಿಗೇ ಹಾಕ್ಕೊಂಡು ನಾಲ್ಕು ಹೆಜ್ಜೆ ದೂರ ನಿಲ್ಲಿ. ಗಾಡಿ ಸರಿಸಬೇಕು ಅಂದ್ರೆ ನೀವೇ ಹತ್ತಿ ಸರಿಸಿ. ಕೀ ಹತ್ತಿರ ಇದ್ದರೆ ಇನ್ನೂ ಒಂದು ತಮಾಷೆ ಆಗ್ತದೆ. ಬಾಗಿಲಿನ ಹಿಡಿಗೆ ಜೋರಾಗಿ ನೀರು ಬಿದ್ದಾಗ ಯಾರೋ ಕೈ ಇಟ್ಟರು ಅಂತ ಗಾಡಿ ತಿಳ್ಕೊಂಡು ಲಾಕ್ ತೆಗೆದು ಹಾಕಿ ತೆಗೆದು ಹಾಕಿ ಮಾಡ್ತದೆ. ಅದಕ್ಕೆ ಗಾಡಿ ತೊಳೆಯುವಾಗ ಕೀಯನ್ನ ಎರಡು ಮೀಟರಿಗಿಂತ ದೂರ ಇಡಿ ಅಂತ ಗಾಡಿಯ ಪುಸ್ತಕದಲ್ಲೇ ಬರೆದಿರ್ತಾರೆ. "ನಮ್ಮ ಗಾಡಿಗೆ ದೆವ್ವ ಹಿಡಿದಿದೆ" ಅಂತ ಹೋದ ತಿಂಗಳು ಒಬ್ಬರು ಹೇಳಿದ್ರಲ್ಲ, ಆ ದೆವ್ವ ಅವರ ಪ್ಯಾಂಟಿನ ಜೇಬಲ್ಲೇ ಇತ್ತು.

ಈ ರೆಡಿ ದೀಪದ ವಿಷಯ ತೊಳೆದು ಮನೆಗೆ ಬಂದ ಮೇಲೂ ಮುಗಿಯುವುದಿಲ್ಲ. ಮಳೆ, ಚಳಿ ಅಂತ ನಮ್ಮಲ್ಲಿ ಈಗ ಮನೆಗೆ ಅಂಟಿಕೊಂಡೇ ಗ್ಯಾರೇಜ್ ಕಟ್ಟುವುದು ಜಾಸ್ತಿ. ತೊಳೆದ ಗಾಡಿ ಒಳಗೆ ತಂದು, ಸದ್ದಿಲ್ಲ ಅಂತ ಆಫ್ ಮಾಡುವುದನ್ನೇ ಮರೆತು ಬಾಗಿಲು ಹಾಕಿ ಒಳಗೆ ಹೋದ್ರೆ, ರಾತ್ರಿ ಬ್ಯಾಟರಿ ಇಳಿದಾಗ ಇಂಜಿನ್ ತಾನೇ ಶುರುವಾಗಿ ಹೊಗೆ ಬಿಡ್ಲಿಕ್ಕೆ ಶುರು ಮಾಡ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಮೆರಿಕದಲ್ಲಿ ಹೀಗೆ ಕೀ ತಿರುಗಿಸದ ಬಟನ್ ಗಾಡಿಗಳನ್ನ ಗ್ಯಾರೇಜಿನಲ್ಲಿ ಆನ್ ಬಿಟ್ಟು ಎರಡು ಡಜನ್‌ಗಿಂತ ಹೆಚ್ಚು ಜನ ಸತ್ತಿದ್ದಾರೆ ಅಂತ 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆದಿತ್ತು. ಸತ್ತವರಲ್ಲಿ ವಯಸ್ಸಾದವರೇ ಹೆಚ್ಚು. ನಮ್ಮ ಅಜ್ಜಿಯರು ಮಲಗುವ ಕೋಣೆ ಗ್ಯಾರೇಜಿನ ಗೋಡೆಗೇ ಇರುವ ಎರಡು ಮನೆ ನನಗೆ ಗೊತ್ತುಂಟು. ಯಾರ ಮನೆ ಅಂತ ಅವರಿಗೇ ಗೊತ್ತು.

ಇನ್ನು ನನಗೆ ಎಲ್ಲಕ್ಕಿಂತ ಸಿಟ್ಟು ಬರುವ ವಿಷಯ, 'ಇಂಜಿನ್ ವಾಶ್'. ಬಾಡಿ ತೊಳೆದ ಮೇಲೆ ಬಾನೆಟ್ ಎತ್ತಿ, "ಇಂಜಿನ್ ಫ್ರೀ ಆಗಿ ತೊಳ್ದು ಕೊಡ್ತೇವೆ" ಅಂತ ಪ್ರೆಷರ್ ಗನ್ ತಿರುಗಿಸ್ತಾರೆ. ಗಂಡಸರಿಗೆ ಅದು ಬಹಳ ಖುಷಿ. ಒಳಗೆ ಪಳಪಳ ಹೊಳೆಯುವುದನ್ನ ನೋಡಿ ಫೋಟೋ ತೆಗೀತಾರೆ. ಅಕ್ಕಂದಿರೇ, ನಾವು ಮಿಕ್ಸಿ ತೊಳೆಯುವಾಗ ಎಂತ ಮಾಡ್ತೇವೆ? ಜಾರ್ ತೊಳೀತೇವೆ. ಕೆಳಗಿನ ಮೋಟರನ್ನ ಎತ್ತಿ ನಲ್ಲಿಯ ಕೆಳಗೆ ಹಿಡೀತೇವಾ? ಮದುವೆಯಾಗಿ ಬಂದ ಮೊದಲ ದಿನದ ಸೊಸೆಗೂ ಗೊತ್ತಿರುವ ವಿಷಯ ಇದು. ಹೈಬ್ರಿಡ್ ಗಾಡಿಯ ಬಾನೆಟ್ಟಿನ ಅಡಿಯಲ್ಲಿ ಇಂಜಿನ್ ಒಂದೇ ಅಲ್ಲ ಇರುವುದು. ಕರೆಂಟನ್ನ ಹಾಗಿಂದ ಹೀಗೆ ತಿರುಗಿಸುವ ಇನ್ವರ್ಟರ್ ಅಲ್ಲೇ, ಕಿತ್ತಳೆ ವಯರು ಅಲ್ಲೇ, ಕನೆಕ್ಟರುಗಳು ಅಲ್ಲೇ. ಮಳೆ ನೀರು ತಡೆಯುವ ಹಾಗೆ ಅವನ್ನ ಮಾಡಿದ್ದಾರೆ, ಸರಿ. ಆದರೆ ಮೇಲಿಂದ ಬೀಳುವ ಮಳೆಯೂ ಒಂದು ಗೇಣು ಹತ್ತಿರದಿಂದ ನುಗ್ಗುವ ಪ್ರೆಷರ್ ನೀರೂ ಒಂದೇ ಅಲ್ಲ. ಇಂಜಿನ್ ಭಾಗದ ಒಳಗೆ ನೀರು ಹಾಕಬೇಡಿ, ವಿದ್ಯುತ್ ಭಾಗಗಳಿಗೆ ಬೆಂಕಿ ಹಿಡಿಯಬಹುದು ಅಂತ ಗಾಡಿ ಮಾಡಿದವರೇ ಪುಸ್ತಕದಲ್ಲಿ ಎಚ್ಚರಿಕೆ ಕೊಡ್ತಾರೆ. ಮಾಡಿದವನು ಬೇಡ ಅನ್ನುವಾಗ ತೊಳೆಯುವವನು ಫ್ರೀ ಅಂದ್ರೆ, ಆ ಫ್ರೀಯನ್ನ ನಾವು ಯಾಕೆ ತಗೊಳ್ಬೇಕು? ಬಾನೆಟ್ಟಿನ ಒಳಗೆ ತೋಟದ ಧೂಳು, ಒಣಗಿದ ಎಲೆ ಇದ್ದರೆ ಗಾಡಿ ಆಫ್ ಆಗಿ ತಣ್ಣಗಾದ ಮೇಲೆ ಒಣ ಬಟ್ಟೆಯಲ್ಲಿ, ಬ್ರಷ್ಷಿನಲ್ಲಿ ಒರೆಸಿದ್ರೆ ಸಾಕು. ಕಿತ್ತಳೆ ಬಣ್ಣ ಕಂಡ ಕಡೆ ಕೈ ಬೇಡ. ರೆಡಿ ದೀಪ ಇರುವಾಗ ಬಾನೆಟ್ ಎತ್ತುವುದೇ ಬೇಡ. ಕೈ ಒಳಗಿರುವಾಗ ಇಂಜಿನ್ ಶುರುವಾದ್ರೆ ಸೆರಗೋ ವೇಲೋ ಎಲ್ಲಿಗೆ ಸಿಕ್ಕಿಕೊಳ್ತದೆ ಅಂತ ಯೋಚನೆ ಮಾಡಿ.

ಗಾಡಿಯ ಒಳಗೆ ಬಕೆಟ್ಟಿನಲ್ಲಿ ನೀರು ಹೊಯ್ದು ತೊಳೆಯುವ ಅಭ್ಯಾಸವೂ ನಮ್ಮಲ್ಲಿ ಉಂಟು. ಕೆಂಪು ಕೆಸರು ಅಲ್ವಾ, ಮ್ಯಾಟ್ ತೆಗೆದು ನೆಲಕ್ಕೇ ನೀರು ಬಿಟ್ಟು ಕಸಬರಿಕೆಯಲ್ಲಿ ಉಜ್ಜುವುದು. ಜೀಪಿನ ಕಾಲದ ಬುದ್ಧಿ ಅದು. ಹೈಬ್ರಿಡ್ಡಲ್ಲಿ ದೊಡ್ಡ ಬ್ಯಾಟರಿ ಕೆಲವು ಗಾಡಿಯಲ್ಲಿ ಸೀಟಿನ ಅಡಿಗೆ, ಕೆಲವರದ್ದು ಡಿಕ್ಕಿಯ ಕಡೆಗೆ ಇರ್ತದೆ. ಅದನ್ನ ತಣ್ಣಗಿಡಲಿಕ್ಕೆ ಸೀಟಿನ ಹತ್ತಿರ ಗಾಳಿ ಎಳೆಯುವ ಒಂದು ಜಾಲರಿ ಇರ್ತದೆ. ನಿಮ್ಮ ಗಾಡಿಯಲ್ಲಿ ಅದು ಎಲ್ಲಿದೆ ಅಂತ ಇವತ್ತೇ ಹುಡುಕಿ. ಅಲ್ಲಿಗೆ ನೀರು ಹೋಗಬಾರದು. ಅದರ ಮೇಲೆ ಹೊದಿಕೆ ಹಾಸಬಾರದು, ಕರಿಮೆಣಸಿನ ಚೀಲ ಒರಗಿಸಬಾರದು. ನಾಯಿಯನ್ನ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಹೋಗುವವರು ಆ ಜಾಲರಿಯಲ್ಲಿ ಕೂದಲು ತುಂಬಿದೆಯಾ ಅಂತ ನೋಡ್ಕೊಳ್ತಾ ಇರಿ. ಮ್ಯಾಟ್ ಹೊರಗೆ ತೆಗೆದು ತೊಳೆದು ಒಣಗಿಸಿ, ನೆಲವನ್ನ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯ ಗ್ಯಾಸ್ ಕಟ್ಟೆ ಒರೆಸಿದ ಹಾಗೆ.

ಇದು ರ‍್ಯಾಂಪು, ಪ್ರೆಷರ್ ಪಂಪಿನ ಮಾತಾಯ್ತು. ಆದರೆ ಬೆಂಗಳೂರಲ್ಲಿ ಇರುವ ನಮ್ಮ ಮಕ್ಕಳು, ದುಬೈ, ಅಮೆರಿಕ, ಕೆನಡಾದಲ್ಲಿ ಇರುವ ನಾದಿನಿ ಅತ್ತಿಗೆಯರು ಗಾಡಿಯನ್ನ ಮಿಷನ್ನಿಗೇ ಹಾಕುವುದು. ಅಲ್ಲಿಂದ ವಿಡಿಯೋ ಬರ್ತದೆ, ಬಣ್ಣಬಣ್ಣದ ನೊರೆ, ದೊಡ್ಡ ಬ್ರಷ್ಷು, ಮಕ್ಕಳ ಕೇಕೆ. ಅಲ್ಲಿಯೂ ಅದೇ ಮಾತು, "ಕೂತ್ಕೊ, ಅದೇ ಎಲ್ಲ ಮಾಡ್ತದೆ." ಅದೇ ಎಲ್ಲ ಮಾಡುವುದಿಲ್ಲ ಮಾರಾಯ್ತಿ. ನೀನು ಮಾಡಬೇಕಾದ್ದು ಬಹಳ ಉಂಟು.

ಮಿಷನ್ ವಾಶಿನಲ್ಲಿ ಎರಡು ಜಾತಿ. ಒಂದರಲ್ಲಿ ಗಾಡಿ ನಿಂತಲ್ಲೇ ನಿಲ್ತದೆ, ಮಿಷನ್ ಅದರ ಸುತ್ತ ಹಿಂದೆ ಮುಂದೆ ಓಡಾಡ್ತದೆ. ಅದು ಸುಲಭ. 'ಪಿ'ಗೆ ಹಾಕು, ಪಾರ್ಕಿಂಗ್ ಬ್ರೇಕ್ ಹಾಕು, ಆಫ್ ಮಾಡು, ರೆಡಿ ದೀಪ ಆರಿದೆಯಾ ನೋಡು. ಇಳೀಲಿಕ್ಕೆ ಹೇಳಿದ್ರೆ ಕೀ ತಗೊಂಡು ದೂರ ನಿಲ್ಲು. ಇನ್ನೊಂದು ಜಾತಿ ಸುರಂಗ. ಅದರಲ್ಲಿ ನೆಲದಲ್ಲಿ ಒಂದು ಸರಪಳಿಯೋ ಪಟ್ಟಿಯೋ ಇದ್ದು ಗಾಡಿಯ ಚಕ್ರವನ್ನ ತಳ್ಳಿಕೊಂಡು ಮುಂದೆ ಸಾಗಿಸ್ತದೆ. ಎಡವಟ್ಟು ಆಗುವುದು ಇದರಲ್ಲಿ. ಇಲ್ಲಿ ಚಕ್ರ ಬಿಡುಗಡೆಯಾಗಿ ಉರುಳಬೇಕು. ಅಂದರೆ ಗೇರು 'ಎನ್'ನಲ್ಲಿ, ಕಾಲು ಬ್ರೇಕಿನಿಂದಲೂ ಆಕ್ಸಿಲರೇಟರಿನಿಂದಲೂ ದೂರ, ಪಾರ್ಕಿಂಗ್ ಬ್ರೇಕ್ ತೆಗೆದಿರಬೇಕು, ಸ್ಟೀರಿಂಗ್ ಹಿಡಿಯಬಾರದು. ಸಾದಾ ಗೇರಿನ ಹಳೆ ಗಾಡಿಯಲ್ಲಿ ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡಿದ್ರೂ ಚಕ್ರ ಉರುಳುತ್ತಿತ್ತು. ಹೈಬ್ರಿಡ್ಡಲ್ಲಿ ಆ ಹಳೆ ಅಭ್ಯಾಸ ಮಾಡಿದ್ರೆ ಕೆಟ್ಟಿತು. ಕೆಲವು ಗಾಡಿಗಳು ಬಟನ್ ಒತ್ತಿ ಆಫ್ ಮಾಡಿದ ಕೂಡಲೇ ತಾವೇ 'ಪಿ'ಗೆ ಹೋಗ್ತವೆ. ಇನ್ನು ಕೆಲವು ಸೀಟು ಬೆಲ್ಟ್ ಬಿಚ್ಚಿ ಬಾಗಿಲು ತೆಗೆದ್ರೂ ಹೋಗ್ತವೆ. ಚಕ್ರ ಗಟ್ಟಿ ನಿಂತುಬಿಡ್ತದೆ, ಕೆಳಗಿನ ಸರಪಳಿ ತಳ್ತಾ ಇರ್ತದೆ, ಹಿಂದಿನ ಗಾಡಿ ಬಂದು ಗುದ್ತದೆ. ಆದ್ದರಿಂದ ಸುರಂಗದ ಒಳಗೆ ಆಫ್ ಮಾಡುವ ಮಾತೇ ಇಲ್ಲ, ಬಾಗಿಲು ತೆಗೆಯುವ ಮಾತೇ ಇಲ್ಲ. ರೆಡಿಯಲ್ಲೇ, ಎನ್‌ನಲ್ಲೇ ಕೂತಿರಬೇಕು.

ಒಳಗೆ ಹೋಗುವ ಮೊದಲೇ ಮಾಡಬೇಕಾದ ಕೆಲಸವೂ ಉಂಟು. ಸಿಗ್ನಲ್ಲಿನಲ್ಲಿ ಬ್ರೇಕ್ ಬಿಟ್ಟರೂ ಗಾಡಿ ನಿಲ್ಲಿಸಿ ಹಿಡಿದುಕೊಳ್ಳುವ 'ಆಟೋ ಹೋಲ್ಡ್' ಅಂತ ಒಂದು ಬಟನ್ ಈಗಿನ ಗಾಡಿಗಳಲ್ಲಿ ಇದೆಯಲ್ಲ, ಅದನ್ನ ಆಫ್ ಮಾಡಬೇಕು. ಇಲ್ಲದಿದ್ರೆ ನಾವು ಕಾಲು ತೆಗೆದ್ರೂ ಅದು ಬ್ರೇಕ್ ಬಿಡುವುದಿಲ್ಲ. ವೈಪರ್ 'ಆಟೋ'ದಲ್ಲಿ ಇದ್ದರೆ ನೀರು ಬಿದ್ದ ಕೂಡಲೇ ಮಳೆ ಬಂತು ಅಂತ ಅದು ಕುಣೀಲಿಕ್ಕೆ ಶುರು ಮಾಡ್ತದೆ, ಬ್ರಷ್ಷಿಗೆ ಸಿಕ್ಕಿ ಮುರೀತದೆ. ಅದನ್ನೂ ಆಫ್ ಮಾಡಬೇಕು. ಎದುರಿಗೆ ಏನಾದ್ರೂ ಬಂದ್ರೆ ತಾನೇ ಬ್ರೇಕ್ ಹಾಕುವ ಗಾಡಿಯಾದ್ರೆ ಅದನ್ನೂ ಆಫ್ ಮಾಡಬೇಕು, ತಿರುಗುವ ಬ್ರಷ್ಷನ್ನ ಅದು ಎದುರಿಂದ ಬರುವ ಲಾರಿ ಅಂತ ತಿಳ್ಕೊಂಡ್ರೆ ಕಷ್ಟ. ಕನ್ನಡಿ ಮಡಚುವುದು, ಗಾಜು, ಸನ್‌ರೂಫ್ ಮುಚ್ಚುವುದು, ಇವೆಲ್ಲ ಹೇಳಬೇಕಾಗಿಲ್ಲ. ಎನ್‌ನಲ್ಲಿ ಇರುವಷ್ಟು ಹೊತ್ತು ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಸುರಂಗದ ನಾಲ್ಕೈದು ನಿಮಿಷಕ್ಕೆ ಏನೂ ಆಗುವುದಿಲ್ಲ, ಹೆದರಬೇಡಿ. ಆದರೆ ಭಾನುವಾರದ ಉದ್ದ ಕ್ಯೂನಲ್ಲಿ ಎಸಿ ಹಾಕ್ಕೊಂಡು ಅರ್ಧ ಗಂಟೆ ಎನ್‌ನಲ್ಲಿ ಕೂರಬೇಡಿ, ಸರದಿ ಬರುವ ತನಕ 'ಪಿ'ಯಲ್ಲಿ ಇರಿ. ಹೊರಗೆ ಬಂದ ಮೇಲೆ ಬ್ರೇಕ್ ತುಳಿದು 'ಡಿ'ಗೆ ಹಾಕಿ ಮೆಲ್ಲಗೆ ಹೊರಡಿ, ಆಫ್ ಮಾಡಿದ್ದನ್ನೆಲ್ಲ ನೆನಪಿಟ್ಟು ಮತ್ತೆ ಆನ್ ಮಾಡಿ.

ತೊಳೆದ ಮೇಲಿನ ಬ್ರೇಕಿನ ವಿಷಯ ನಮ್ಮ ಕೊಡಗಿನವರಿಗೆ ವಿಶೇಷವಾಗಿ ಹೇಳಬೇಕು. ಹೈಬ್ರಿಡ್ಡಲ್ಲಿ ಗಾಡಿ ನಿಧಾನ ಮಾಡುವ ಕೆಲಸವನ್ನ ಹೆಚ್ಚಾಗಿ ಮೋಟರೇ ಮಾಡಿ ಬ್ಯಾಟರಿಗೆ ಕರೆಂಟು ಸೇರಿಸ್ತದೆ. ನಿಜವಾದ ಬ್ರೇಕ್ ಡಿಸ್ಕಿಗೆ ಕೆಲಸ ಕಮ್ಮಿ. ಕೆಲಸ ಇಲ್ಲದ ಕತ್ತಿ ಮಳೆಗಾಲದಲ್ಲಿ ತುಕ್ಕು ಹಿಡಿಯುವ ಹಾಗೆ ಡಿಸ್ಕೂ ತುಕ್ಕು ಹಿಡೀತದೆ. ತೊಳೆದು ಒದ್ದೆ ಇರುವಾಗಲೇ ತಂದು ಎರಡು ದಿನ ನಿಲ್ಲಿಸಿಬಿಡಬೇಡಿ. ತೊಳೆಸಿದ ಮೇಲೆ ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಹಿಂದೆ ಯಾರೂ ಇಲ್ಲ ಅಂತ ನೋಡಿ, ನಾಲ್ಕೈದು ಸಲ ಮೆತ್ತಗೆ ಬ್ರೇಕ್ ತುಳಿದು ಒಣಗಿಸಿ. ಆಮೇಲೆ ಘಾಟಿ ಇಳೀರಿ.

ಇಷ್ಟು ಹೇಳಿದಾಗ ನಮ್ಮ ಮನೆಯಲ್ಲಿ ಬಂದ ಉತ್ತರಗಳನ್ನೂ ಬರೀತೇನೆ, ನಿಮ್ಮ ಮನೆಯಲ್ಲೂ ಅದೇ ಬರ್ತದೆ. ಮೊದಲನೇದು, "ದಿನಾ ನೂರು ಗಾಡಿ ತೊಳಿಯುವ ಹುಡುಗರಿಗೆ ಗೊತ್ತಿರುದಿಲ್ವಾ?" ನೂರು ಗಾಡಿ ತೊಳೆದವನಿಗೆ ನೂರು ಗಾಡಿಯ ಹೊರಮೈ ಗೊತ್ತು. ಹೈಬ್ರಿಡ್ ಗಾಡಿಗಳು ನಮ್ಮ ರಸ್ತೆಯಲ್ಲಿ ಜಾಸ್ತಿ ಕಾಣ್ಲಿಕ್ಕೆ ಶುರುವಾದದ್ದೇ 2022ರಲ್ಲಿ ಗ್ರ್ಯಾಂಡ್ ವಿಟಾರ, ಹೈರೈಡರ್ ಬಂದ ಮೇಲೆ, ಅದರ ಬೆನ್ನಿಗೆ ಹೈಕ್ರಾಸ್ ಬಂದ ಮೇಲೆ. ಹೊರದೇಶದ ಮಾಯೆಯೇನೂ ಅಲ್ಲ, ಮೈಸೂರು ರಸ್ತೆಯಲ್ಲಿ ನಾವು ತಟ್ಟೆ ಇಡ್ಲಿ ತಿನ್ನಲಿಕ್ಕೆ ನಿಲ್ಲಿಸ್ತೇವಲ್ಲ ಬಿಡದಿ, ಅಲ್ಲಿಯ ಕಾರ್ಖಾನೆಯಲ್ಲಿ ತಯಾರಾಗುವ ಗಾಡಿಗಳು ಇವು. ಆದರೂ ಆ ಹುಡುಗರಿಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಅದು ಅವರ ತಪ್ಪಲ್ಲ. ಸಂಬಳಕ್ಕೆ ನಿಂತ ಹುಡುಗನ ತಲೆಗೆ ನಮ್ಮ ಗಾಡಿಯ ಜವಾಬ್ದಾರಿ ಹಾಕಿ, ಅವನ ಕಾಲು ಜಜ್ಜಿದ ಮೇಲೆ ಅವನನ್ನೇ ಬೈಯುವುದು ಯಾವ ನ್ಯಾಯ?

ಎರಡನೇದು, "ಹಾಗಾದ್ರೆ ಅಂಗಳದಲ್ಲೇ ಪೈಪ್ ಬಿಟ್ಟು ತೊಳ್ದ್ರೆ ಆಯ್ತಲ್ಲ." ಆಗಸ್ಟಿನಲ್ಲಿ ಆಗ್ತದೆ. ಮಾರ್ಚಿನಲ್ಲಿ ಹೂಮಳೆಗೆ ಆಕಾಶ ನೋಡ್ತಾ, ಕೆರೆಯ ತಳದ ನೀರನ್ನ ಪಂಪು ಹಾಕಿ ಕಾಫಿಗೆ ಸ್ಪ್ರಿಂಕ್ಲರ್ ಬಿಡುವಾಗ ಗಾಡಿಗೆ ಪೈಪ್ ಬಿಡ್ಲಿಕ್ಕೆ ಮನಸ್ಸು ಬರ್ತದಾ? 2024ರ ಮಾರ್ಚಿನಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಅಲ್ಲಿಯ ಜಲಮಂಡಳಿ ಕುಡಿಯುವ ನೀರಲ್ಲಿ ಗಾಡಿ ತೊಳೆಯಬಾರದು, ತೊಳೆದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿ, 22 ಮನೆಗಳಿಂದ ದಂಡ ವಸೂಲಿಯೂ ಮಾಡಿತ್ತು. ಅವರು ಕುಡಿಯುವುದು ನಮ್ಮ ತಲಕಾವೇರಿಯಿಂದ ಇಳಿದ ನೀರು. ಮೂಲದಲ್ಲಿ ಕೂತಿದ್ದೇವೆ ಅಂತ ನಮಗೆ ದಂಡ ಇಲ್ಲ, ಅಷ್ಟೆ. ಎರಡು ಬಕೆಟ್ ನೀರು, ಒಂದು ಮೆತ್ತನೆ ಬಟ್ಟೆಯಲ್ಲಿ ಹೊರಮೈ ಚೆನ್ನಾಗಿಯೇ ಆಗ್ತದೆ. ಕೆಸರು ಗಟ್ಟಿ ಹಿಡಿದಾಗ ಸರ್ವಿಸ್ ಸ್ಟೇಷನ್ನಿಗೆ ಹೋಗಿ. ಹೊಳೆಗೆ ಇಳಿಸುವುದು ಮಾತ್ರ ಬೇಡವೇ ಬೇಡ. ಸೋಪು, ಎಣ್ಣೆ ಎಲ್ಲ ಕಾವೇರಿಗೆ ಬಿಟ್ಟು, ತುಲಾ ಸಂಕ್ರಮಣಕ್ಕೆ ಅದೇ ನೀರನ್ನ ತೀರ್ಥ ಅಂತ ತಲೆಗೆ ಹಾಕ್ಕೊಳ್ಳುವುದು ನನಗಂತೂ ಸಹಿಸುವುದಿಲ್ಲ.

ಮೂರನೇದು, "ಎಲ್ಲ ಪುಸ್ತಕದಲ್ಲಿ ಉಂಟಲ್ಲ." ಉಂಟು. ನಮಗೆ ಸಿಕ್ಕಿದ ಪುಸ್ತಕ ಇಂಗ್ಲಿಷಲ್ಲಿ, ನನ್ನ ಅಂಗೈ ದಪ್ಪ. ಅದು ಡ್ಯಾಶಿನ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇದೆ. ಗಾಡಿ ತಗೊಂಡ ದಿನ ಶೋರೂಮಿನವರು ರಿಬ್ಬನ್ ಕಟ್ಟಿ, ಕೇಕ್ ಕತ್ತರಿಸಿ, ಕೀಯ ದೊಡ್ಡ ಬೊಂಬೆ ಕೈಗೆ ಕೊಟ್ಟು ಫೋಟೋ ತೆಗೆದ್ರು. ಆಮೇಲೆ ಅರ್ಧ ಗಂಟೆ ನಮ್ಮನೆಯವರಿಗೂ ಮಗನಿಗೂ ಬ್ಲೂಟೂತ್ ಹೇಗೆ ಹಾಕುವುದು, ಸೀಟು ಹೇಗೆ ತಣ್ಣಗೆ ಮಾಡುವುದು ಅಂತ ವಿವರಿಸಿದ್ರು. ಓಡಿಸುವವಳು ನಾನು ಅಂತ ಎರಡು ಸಲ ಹೇಳಿದೆ. "ಓ ಹೌದಾ ಮೇಡಂ" ಅಂತ ನಕ್ಕು ಮತ್ತೆ ಮಗನ ಕಡೆ ತಿರುಗಿದ್ರು. ನ್ಯೂಟ್ರಲ್‌ನಲ್ಲಿ ಉರುಳಿಸುವುದು ಹೇಗೆ, ತೊಳೆಯುವಾಗ ಎಲ್ಲಿಗೆ ನೀರು ಹಾಕಬಾರದು ಅಂತ ಕೇಳಿದ್ದಕ್ಕೆ, "ಅದೆಲ್ಲ ಸರ್ವಿಸ್‌ನಲ್ಲಿ ನೋಡ್ಕೊಳ್ತಾರೆ ಮೇಡಂ." ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಎಣಿಸಿ ಕೊಟ್ಟವರಿಗೆ ಕನ್ನಡದಲ್ಲಿ ಒಂದು ಪುಟ ಬರೆದು ಕೊಡ್ಲಿಕ್ಕೆ ಆಗುವುದಿಲ್ವಾ? ಇನ್ನು ಮುಂದೆ ಯಾರ ಮನೆಗೆ ಹೊಸ ಗಾಡಿ ಬಂದ್ರೂ ಕೇಕ್ ಕತ್ತರಿಸುವ ಮೊದಲು ಓಡಿಸುವವಳೇ ಡ್ರೈವರ್ ಸೀಟಲ್ಲಿ ಕೂತು, ರೆಡಿ ದೀಪ, ಎನ್, ಆಟೋ ಹೋಲ್ಡ್, ವೈಪರ್, ಬ್ಯಾಟರಿಯ ಜಾಲರಿ, ಇಷ್ಟನ್ನ ತೋರಿಸಿದ ಮೇಲೇ ಸಹಿ ಹಾಕ್ತೇನೆ ಅಂತ ಹೇಳಿ. ಸಹಿ ಬೇಕಾದಾಗ ಅವರು ಎಲ್ಲ ತೋರಿಸ್ತಾರೆ.

ಒಂದು ಸಣ್ಣ ಮಾತು ಬಿಟ್ಟುಹೋಯ್ತು. 'ಸ್ಮಾರ್ಟ್ ಹೈಬ್ರಿಡ್' ಅಂತ ಹಿಂದೆ ಬರೆದಿರುವ ಎರ್ಟಿಗಾ, ಬ್ರೆಜಾದಂಥ ಗಾಡಿಗಳು ಬೇರೆ. ಅವು ಬರೀ ಮೋಟರಿನ ಮೇಲೆ ಓಡುವುದಿಲ್ಲ, ಇಂಜಿನ್ನಿಗೆ ಸ್ವಲ್ಪ ಸಹಾಯ ಮಾಡ್ತವೆ ಅಷ್ಟೆ. ಆದರೆ ನಿಂತಾಗ ಇಂಜಿನ್ ಆರಿ ಮತ್ತೆ ತಾನೇ ಶುರುವಾಗುವ ಗುಣ ಅವಕ್ಕೂ ಉಂಟು. ಬಾನೆಟ್ ಎತ್ತುವ ವಿಷಯದಲ್ಲಿ ಅವಕ್ಕೂ ಇದೇ ನಿಯಮ ಇಟ್ಕೊಳ್ಳಿ.

ಆಯುಧ ಪೂಜೆ ಬರ್ತಾ ಉಂಟು. ಹಿಂದಿನ ದಿನ ಎಲ್ಲರೂ ಗಾಡಿ ತೊಳೆಸುವುದು, ಸರ್ವಿಸ್ ಸ್ಟೇಷನ್ನಿನಲ್ಲಿ ಜಾತ್ರೆಯಷ್ಟು ಗಲಾಟೆ, ಹುಡುಗರಿಗೆ ಉಸಿರಾಡ್ಲಿಕ್ಕೂ ಪುರುಸೊತ್ತಿಲ್ಲ. ಆ ದಿನ ಹೋಗಲೇಬೇಡಿ, ಎರಡು ದಿನ ಮೊದಲೇ ಹೋಗಿ ಬನ್ನಿ. ಪೂಜೆಯ ದಿನ ನಾಲ್ಕು ಚಕ್ರದ ಅಡಿಗೆ ನಿಂಬೆಹಣ್ಣು ಇಡುವವರು ಯಾರು? ನಮ್ಮ ಮಕ್ಕಳು. ಕುಂಬಳಕಾಯಿ ಒಡೆದ ಮೇಲೆ ಎದುರಿಗೆ ಓಡಿ ಹೋಗಿ ಚಿಲ್ಲರೆ ಹೆಕ್ಕುವವರು ಯಾರು? ಅವರೇ. ಒಳಗೆ ಕೂತವರು ಆಗಲೇ ಬಟನ್ ಒತ್ತಿ ರೆಡಿ ಮಾಡಿಟ್ಟಿರ್ತಾರೆ, ಹೊರಗೆ ನಿಂತವರಿಗೆ ಗೊತ್ತೇ ಆಗುವುದಿಲ್ಲ. ನಿಂಬೆಹಣ್ಣು ಇಟ್ಟು, ಆರತಿ ಮುಗಿದು, ಮಕ್ಕಳೆಲ್ಲ ಜಗಲಿ ಹತ್ತಿದ ಮೇಲೆ ಬಟನ್ ಒತ್ತಿ. ಒತ್ತುವವರು ನೀವೇ ಆಗಿರಿ.

ನಿಮ್ಮ ಗಾಡಿಯಲ್ಲಿ ಎನ್‌ಗೆ ಹಾಕಿ ಉರುಳಿಸುವುದು ಹೇಗೆ, ಆಟೋ ಹೋಲ್ಡ್ ಎಲ್ಲಿದೆ ಅಂತ ಗೊತ್ತಾಗದಿದ್ರೆ ಈ ಭಾನುವಾರ ಮಧ್ಯಾಹ್ನದ ಮೇಲೆ ಗಾಡಿ ತಗೊಂಡು ನಮ್ಮ ಕಣಕ್ಕೆ ಬನ್ನಿ. ಕಾಫಿ ಕೊಯ್ಲಿಗೆ ಇನ್ನೂ ಸಮಯ ಉಂಟು, ಕಣ ಖಾಲಿ ಇದೆ, ಸಮತಟ್ಟಾಗಿಯೂ ಇದೆ. ಪುಸ್ತಕವನ್ನ ಪ್ಲಾಸ್ಟಿಕ್ ಕವರಿನಿಂದ ತೆಗೆದು ತನ್ನಿ. ಇಂಗ್ಲಿಷ್ ಓದುವ ಗೂಡೆಗಳು ನಮ್ಮನೆಯಲ್ಲಿ ಇಬ್ಬರಿದ್ದಾರೆ, ಅವರು ಓದಿ ಹೇಳ್ತಾರೆ, ನಾವು ಬರ್ಕೊಳ್ಳುವ.